ಕರೆಂಟ್ ಇದ್ದಾಗ ಮಾತ್ರ ಓಡೋ ಇನ್ವರ್ಟರ್

ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ನೀಟ್‌ಗೆ ಸೇರಿಕೊಳ್ಳೋಣ ಅಂತ ಇವತ್ತು ರಾಯಚೂರಿನ ಒಂದು ಕೋಚಿಂಗ್ ಸೆಂಟರಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಫಾರಂ ಎಳಕೊಂಡು "ಮಗಳಿಗಾ ಸರ್, ಮಗನಿಗಾ?" ಅಂದಳು. "ನಂದೇ ಹೆಸರು ಬರಕೋಮ್ಮಾ" ಅಂದೆ. ಪೆನ್ನು ಅಲ್ಲೇ ನಿಂತಿತು. ಪಕ್ಕದಲ್ಲಿ ಮಗನನ್ನು ಸೇರಿಸೋಕೆ ಬಂದಿದ್ದ ಮಾನ್ವಿ ಕಡೆಯ ಹಿರಿಯರೊಬ್ಬರು ನನ್ನ ನರೆತ ಗಡ್ಡ ನೋಡಿ, ಮಗನ ಕಡೆ ತಿರುಗಿ, "ನೋಡು, ಈಗ ಓದಲಿಲ್ಲ ಅಂದ್ರ ಹಿಂಗಾಗ್ತದ" ಅಂದರು. ಇದಕ್ಕೆ ನಗುವೇ ಬಂತು. ಸಿಟ್ಟು ಬಂದದ್ದು ಆಮೇಲೆ.

"ಈ ವಯಸ್ಸಿನಾಗ ಒಂದು ಬ್ಯಾಕಪ್ ಇರಲಿ ಸರ್" ಅಂತ ಥಳಥಳ ಹೊಳೆಯೋ ಪಾಂಪ್ಲೆಟ್ ತೆಗೆದಳು. ಜಾರ್ಜಿಯಾದಲ್ಲಿ ಎಂಬಿಬಿಎಸ್. ಹಿಂದೆ ಹಿಮದ ಬೆಟ್ಟ, ಮುಂದೆ ಸ್ಟೆತಸ್ಕೋಪ್ ಹಾಕ್ಕೊಂಡ ಹುಡುಗರು. ನೀಟ್ ಆಗದಿದ್ರೆ ಇದಂತೆ. ಅಲ್ಲವ್ವಾ, ಹೊರದೇಶದಲ್ಲಿ ಓದಿ ಬಂದು ಇಲ್ಲಿ ಡಾಕ್ಟರಾಗೋಕೂ ನೀಟ್ ಪಾಸಾಗಿರಬೇಕಲ್ಲ? "ಕ್ವಾಲಿಫೈ ಆದ್ರೆ ಸಾಕು ಸರ್." ಆಗಲಿಲ್ಲಂದ್ರ? "ಆಗ ಆಯುರ್ವೇದ ನೋಡೋಣ ಸರ್." ಬಿಎಎಂಎಸ್‌ಗೂ ಅದೇ ನೀಟ್!

ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇಟ್ಕೊಂಡೂ ಮನೆಮನೆಗೆ ಇನ್ವರ್ಟರ್ ಕೊಳ್ಳೋ ಊರು ನಮ್ಮದು. ಬ್ಯಾಕಪ್ ಅಂದ್ರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕರೆಂಟ್ ಇದ್ದಾಗ ಮಾತ್ರ ಓಡೋ ಇನ್ವರ್ಟರ್ ಯಾರಾದ್ರೂ ಮಾರಿದ್ರೆ ಅಂಗಡಿ ಮುಂದೆ ಗಲಾಟೆ ಮಾಡ್ತೀವಿ. ಓದಿನ ವಿಷಯಕ್ಕೆ ಬಂದ್ರೆ ಮಾತ್ರ ಹಲ್ಲು ಕಿರಿದು ಅಡ್ವಾನ್ಸ್ ಕಟ್ಟಿ ಬರ್ತೀವಿ.

ಹಾಂ, ಕ್ವಾಲಿಫೈ ಆದವರಿಗೆ ಜಾರ್ಜಿಯಾ ಒಂದು ದಾರಿಯೇ, ಒಪ್ಪಿದೆ. ಕನಿಷ್ಠ 54 ತಿಂಗಳ ಓದು, ಅಲ್ಲೇ ಒಂದು ವರ್ಷ ಇಂಟರ್ನ್‌ಶಿಪ್, ಬಂದು ಇಲ್ಲಿನ ಪರೀಕ್ಷೆ, ಮತ್ತೆ ಇಲ್ಲೊಂದು ವರ್ಷ ಇಂಟರ್ನ್‌ಶಿಪ್. ಹದಿನೆಂಟರ ಹುಡುಗನಿಗೆ ಅದು ವನವಾಸ, 41ರ ನನಗೆ ವಾನಪ್ರಸ್ಥ. ಅಲ್ಲಿಯತನಕ ಮನೆ ಬಾಡಿಗೆ ಜಾರ್ಜಿಯಾ ಸರ್ಕಾರ ಕೊಡ್ತದಾ?

ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಟ್ಯಾಲಿಯಲ್ಲಿ ಲೆಕ್ಕ ಕುಟ್ಟೋ ನನಗೆ ಈ ಹುಚ್ಚು ಯಾಕೆ ಹಿಡಿಯಿತು ಅನ್ನೋದು ಇಲ್ಲಿರೋ ಬಹುತೇಕರಿಗೆ ಗೊತ್ತು. ಅವ್ವನ ಡಯಾಲಿಸಿಸ್‌ನ ಎರಡು ವರ್ಷ. 2022ರ ಮಾರ್ಚ್‌ನಲ್ಲಿ ನೀಟ್‌ಗೆ ಗರಿಷ್ಠ ವಯೋಮಿತಿ ಇಲ್ಲ ಅಂತ ಆದಾಗ ಕುಣಿದಾಡಿ ಪೋಸ್ಟ್ ಹಾಕಿದ್ದೂ ನೆನಪಿರಬಹುದು. ಗೊತ್ತಿಲ್ಲದ್ದು ಒಂದಿದೆ. ಹೋದ ಸಲ ಬರೆದಾಗ "ಪರವಾಗಿಲ್ಲ ಆಗ್ಯದ" ಅಂದಿದ್ದೆನಲ್ಲ, ಅದು ಸುಳ್ಳು. 720ಕ್ಕೆ 97. ಫಿಸಿಕ್ಸ್‌ನಲ್ಲಿ ಮೈನಸ್ 4. ಸೊನ್ನೆಗಿಂತ ಕೆಳಗೂ ಕೂಡೋಕೆ ಜಾಗ ಇರ್ತದೆ ಅಂತ ಈ ವಯಸ್ಸಲ್ಲಿ ಕಲಿತೆ.

"ಒಡಿಶಾದ ಜಯಕಿಶೋರ್ ಪ್ರಧಾನ್ 64ಕ್ಕೆ ನೀಟ್ ಪಾಸಾಗಿ 2020ರಲ್ಲಿ ಮೆಡಿಕಲ್ ಸೇರಿದರು, ನಿನಗ್ಯಾಕೋ ಬ್ಯಾಕಪ್ಪು?" ಅಂತ ದೋಸ್ತನೊಬ್ಬ ಪ್ರತಿ ಸಲ ಕೇಳ್ತಾನೆ. ಪ್ರಧಾನ್ ಅವರಿಗೆ ಕೈ ಮುಗಿತೀನಿ. ಆದ್ರೆ ಅವರು ಸ್ಟೇಟ್ ಬ್ಯಾಂಕಿನಲ್ಲಿ ದುಡಿದು, ನಿವೃತ್ತಿಯಾಗಿ, ಆಮೇಲೆ ಹೋದವರು. ಬ್ಯಾಕಪ್ ಮೊದಲೇ ಮುಗಿಸಿ ಆಸೆಯ ಕಡೆ ನಡೆದವರು ಅನ್ನಿ ಬೇಕಾದ್ರೆ. ನನ್ನ ಮಗಳು ಇನ್ನೂ ಏಳನೇ ಕ್ಲಾಸು. ಇನ್ನು ಸೋದರಮಾವ: "371(ಜೆ) ಸರ್ಟಿಫಿಕೇಟ್ ಇಲ್ಲೇನು ನಿನಗ, ಯಾಕ ಹೆದರ್ತಿ?" ಮಾವಾ, ನಮ್ಮ ಕಲ್ಯಾಣ ಕರ್ನಾಟಕದವರಿಗಿರೋ ಆ ಮೀಸಲಾತಿ ಸೀಟಿನ ಸಾಲಲ್ಲಿ ನಿಂತವನಿಗೆ ಮುಂದಿನ ಜಾಗ ಕೊಡ್ತದೆ. 97 ಹಿಡ್ಕೊಂಡವನನ್ನ ಸಾಲಿನ ಹತ್ತಿರವೂ ಬಿಡೋದಿಲ್ಲ.

ಎಲ್ಲಾ ಬಿಟ್ಟು ಬ್ಯಾಕಪ್ ಅಂತ ನಾನು ಆರಿಸಿಕೊಂಡದ್ದು ಡಿ.ಫಾರ್ಮ್, ಅಂದ್ರೆ ಫಾರ್ಮಸಿಸ್ಟ್ ಆಗೋ ಡಿಪ್ಲೊಮಾ. ಜಿಎನ್‌ಎಂ ನರ್ಸಿಂಗ್ ಕೇಳಿದ್ದೆ, 35 ವಯಸ್ಸಿನ ಗೆರೆ ಅಡ್ಡ ಬಂತು. ಡಿ.ಫಾರ್ಮ್‌ಗೆ ನನ್ನ ಹಳೇ ಪಿಯುಸಿ ಸೈನ್ಸ್ ಸಾಕು, ನೀಟ್ ಬೇಡ. ಎರಡು ವರ್ಷ ಕ್ಲಾಸು, 500 ಗಂಟೆ ತರಬೇತಿ, ಎಕ್ಸಿಟ್ ಪರೀಕ್ಷೆ, ಆಮೇಲೆ ಫಾರ್ಮಸಿ ಕೌನ್ಸಿಲ್ ನೋಂದಣಿ. ಹಗಲು ಹಾಜರಾತಿ ಬೇಕು, ಹಾಗಾಗಿ ಸೇಟ್‌ಜೀ ಹತ್ತಿರ ಸಂಜೆ ಲೆಕ್ಕಕ್ಕೆ ಮಾತಾಡಿದೀನಿ. ಅರ್ಧ ಪಗಾರ ಅಂದಿದಾರೆ. ನೀಟ್ ಇನ್ನೊಂದೇ ಸಲ. ಆಗಲೂ ಮುಳುಗಿದ್ರೆ ಮರುವಾರವೇ ಈ ಅರ್ಜಿ.

"ಡಾಕ್ಟರ್ ಆಗ್ತೀನಂದು ಗುಳಿಗೆ ಮಾರೋದಾ?" ಅಂತ ನಗೋರಿಗೆ ಇದೊಂದು ಹೇಳಿಬಿಡ್ತೀನಿ. ಅವ್ವನಿಗೆ ಸೆವೆಲಮರ್ ಅಂತ ಗುಳಿಗೆ ಬರೆದಿದ್ದರು. ಊಟದಲ್ಲಿರೋ ರಂಜಕವನ್ನ ಹೊಟ್ಟೆಯಲ್ಲೇ ಹಿಡಿಯೋದು ಅದರ ಕೆಲಸ, ಹಾಗಾಗಿ ಊಟದ ಜೊತೆಗೇ ಕೊಡಬೇಕು. ನಾನು ಎರಡು ತಿಂಗಳು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ, ದೇವರ ಪ್ರಸಾದದ ಹಾಗೆ, ಅಂಗೈ ಮೇಲಿಟ್ಟು ಕೊಟ್ಟೆ. ಚೀಟಿಯಲ್ಲಿ ಬರೆದಿತ್ತೋ ಏನೋ, ನನಗೆ ಓದೋಕೆ ಬರಲಿಲ್ಲ. ಅಂಗಡಿಯಲ್ಲಿ ಫಾರ್ಮಸಿಸ್ಟ್‌ನ ಸರ್ಟಿಫಿಕೇಟ್ ಗೋಡೆ ಮೇಲಿತ್ತು, ಫಾರ್ಮಸಿಸ್ಟ್ ಇರಲಿಲ್ಲ. ಸ್ಟ್ರಿಪ್ ಕತ್ತರಿಸಿ ಕೊಟ್ಟ ಹುಡುಗ "ದಿನಾ ಮೂರು" ಅಂದ, ಅಷ್ಟೇ. ಆ ಕೌಂಟರಿನ ಹಿಂದೆ ನಿಂತು "ಅವ್ವಾ, ಇದು ಊಟದ ನಡುವೆ" ಅಂತ ಒಂದು ಮಾತು ಹೇಳೋ ಮನುಷ್ಯ ಸಣ್ಣವನು ಅಂತ ನನಗಂತೂ ಅನ್ನಿಸೋದಿಲ್ಲ.

ಕೋಚಿಂಗ್ ಹುಡುಗಿ ಆಗಲೇ ಎರಡು ಸಲ ಫೋನ್ ಮಾಡಿದಾಳೆ, ಜಾರ್ಜಿಯಾಕ್ಕೆ ಡಿಸ್ಕೌಂಟ್ ಇದೆಯಂತೆ. ಪಾಂಪ್ಲೆಟ್ ಕಾಗದ ಮಾತ್ರ ಗಟ್ಟಿ. ಮಗಳು ಅದನ್ನ ನನ್ನ ಫಿಸಿಕ್ಸ್ ನೋಟ್‌ಬುಕ್ಕಿಗೆ ಹೊದಿಕೆ ಹಾಕಿ, ಹಿಮದ ಬೆಟ್ಟದ ಮೇಲೆ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ "-4" ಅಂತ ಬರೆದಿಟ್ಟಾಳೆ.