ಫೋಟೋ ಕತ್ತರಿಸಬೇಡಿ, ಪಕ್ಕದಲ್ಲಿ ಕಪ್ಪು ಜಾಗ ಉಳಿದರೆ ಉಳಿಯಲಿ

ಹೋದ ತಿಂಗಳು ಅಜ್ಜಿಗೆ ತೊಂಬತ್ತು ತುಂಬಿತು. ಹಳೇ ಆಲ್ಬಮ್, ಮೊಬೈಲ್, ವಾಟ್ಸಾಪ್, ಎಲ್ಲಾ ಕಡೆಯಿಂದ ನೂರಿಪ್ಪತ್ತು ಫೋಟೋ ಒಟ್ಟು ಮಾಡಿ ಸ್ಲೈಡ್‌ಶೋ ವಿಡಿಯೋ ಮಾಡಿದೆ. ಮನೆಯವರೆಲ್ಲ ಕಂಪ್ಯೂಟರ್ ಮುಂದೆ ಕೂತರು. ಅಜ್ಜನ ಕಾಲದ ಗ್ರೂಪ್ ಫೋಟೋ ಬಂತು. ದೊಡ್ಡಮ್ಮ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದರು. "ಇದರಲ್ಲಿ ನಾನೂ ಇದ್ದೆ ಅಲ್ವಾ ಪುಟ್ಟಾ? ಎಲ್ಲಿ ಹೋದೆ?" ಅಂತ ಕೇಳಿದರು.

ಇದ್ದರು. ಏಳು ವರ್ಷದ ದೊಡ್ಡಮ್ಮ ಮುಂದಿನ ಸಾಲಿನಲ್ಲಿ, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನನ್ನ ವಿಡಿಯೋದಲ್ಲಿ ಆ ಸಾಲಿನ ತಲೆಗೂದಲಷ್ಟೇ ಉಳಿದಿತ್ತು.

ರಾತ್ರಿ ಸ್ಕೇಲ್ ಹಿಡಿದು ಅಳೆದೆ. ಆ ಪ್ರಿಂಟ್ ಹತ್ತು ಇಂಚು ಅಗಲ, ಎಂಟು ಇಂಚು ಎತ್ತರ. ವಿಡಿಯೋ 16:9, ಅಂದರೆ ಅಗಲ 16 ಪಾಲು ಇದ್ದರೆ ಎತ್ತರ 9 ಪಾಲು. ಅಗಲ ಪೂರ್ತಿ ತುಂಬಿಸಿದರೆ ಎತ್ತರದಲ್ಲಿ ಉಳಿಯುವುದು 5.6 ಇಂಚು ಮಾತ್ರ. ಮೇಲೊಂದು, ಕೆಳಗೊಂದು, ಸುಮಾರು 1.2 ಇಂಚಿನ ಪಟ್ಟಿ ಹೋಗಿತ್ತು. ಮೇಲಿನ ಪಟ್ಟಿಯಲ್ಲಿ ಮನೆಯ ಹೆಂಚು ಇತ್ತು, ಹೋದರೂ ಪರವಾಗಿಲ್ಲ. ಕೆಳಗಿನದರಲ್ಲಿ ನಾಲ್ಕು ಮಕ್ಕಳಿದ್ದರು. ಎಡಿಟಿಂಗ್ ಮಾಡುವಾಗ ನಾನು ಅಂಚು ಕತ್ತರಿಸಿ ಸ್ಕ್ರೀನ್ ತುಂಬಿಸುವ 'ಫಿಲ್' ಒತ್ತಿದ್ದೆ. ಫೋಟೋ ಪೂರ್ತಿ ಕಾಣಿಸುವ 'ಫಿಟ್' ಅಲ್ಲೇ ಪಕ್ಕದಲ್ಲಿತ್ತು.

ಇದು ತುಂಬಾ ಮನೆಗಳಲ್ಲಿ ಆಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ವಿಡಿಯೋ ಅಳತೆಯನ್ನು ನೋಡುವ ಸ್ಕ್ರೀನ್ ಮೇಲೆ ಆರಿಸಿ. ಆದರೆ ಆ ಅಳತೆಗೆ ಹೊಂದಲಿ ಅಂತ ಫೋಟೋ ಕತ್ತರಿಸಬೇಡಿ.

ಕಂಪ್ಯೂಟರ್‌ನಲ್ಲಿ ನೋಡುವುದಕ್ಕಾದರೆ ನಾನು ಕಣ್ಣು ಮುಚ್ಚಿಕೊಂಡು 1920×1080 ಅನ್ನುತ್ತೇನೆ, ಅಂದರೆ ಅಗಲಕ್ಕೆ 1920, ಎತ್ತರಕ್ಕೆ 1080 ಪಿಕ್ಸೆಲ್ (ಚುಕ್ಕಿ). ಹೆಚ್ಚಿನ ಮಾನಿಟರ್‌ಗಳ ಆಕಾರ ಅದೇ. 1366×768 ಇರುವ ಹಳೇ ಲ್ಯಾಪ್‌ಟಾಪ್‌ನಲ್ಲೂ ಚೆನ್ನಾಗೇ ಕಾಣುತ್ತದೆ. 16:10 ಸ್ಕ್ರೀನ್ ಆದರೆ ಮೇಲೆ ಕೆಳಗೆ ತೆಳ್ಳನೆ ಕಪ್ಪು ಗೆರೆ ಬರುತ್ತದೆ, ಅಷ್ಟೇ. ಡಿವಿಡಿ ಕಾಲದ 720×576 ಈಗ ಬೇಡವೇ ಬೇಡ. 1920×1080ರಲ್ಲಿ ಅದರ ಐದು ಪಟ್ಟು ಚುಕ್ಕಿಗಳಿವೆ. ಚಿಕ್ಕದನ್ನು ಹಿಗ್ಗಿಸಿದಾಗ ಮೊದಲು ಮಸುಕಾಗುವುದು ಮುಖಗಳೇ.

4ಕೆ (3840×2160) ಮಾಡು ಅಂತ ಕಸಿನ್ ಒಬ್ಬ ಹೇಳಿದ. ಎಲ್ಲವೂ ಒಳ್ಳೇ ಕ್ಯಾಮೆರಾದ ಫೋಟೋ ಆಗಿದ್ದರೆ ಮಾಡಬಹುದಿತ್ತು. ನನಗೆ ವಾಟ್ಸಾಪ್‌ನಲ್ಲಿ ಬಂದ ಫೋಟೋಗಳು ಜಾಸ್ತಿ ಪಾಲು 1600 ಪಿಕ್ಸೆಲ್ ಅಗಲದವು. ಅವನ್ನು 3840ಕ್ಕೆ ಎಳೆದರೆ ಫೈಲ್ ದೊಡ್ಡದಾಗುತ್ತದೆ, ಫೋಟೋ ಚೆಂದ ಆಗುವುದಿಲ್ಲ. ಫೋಟೋ ಕಳಿಸುವವರಿಗೆ 'ಡಾಕ್ಯುಮೆಂಟ್ ಅಂತ ಕಳಿಸಿ' ಅಂತ ಮೊದಲೇ ಹೇಳಿ. ಆಗ ಒರಿಜಿನಲ್ ಫೈಲೇ ಬರುತ್ತದೆ.

ಇನ್ನು ಮೊಬೈಲ್ ಸ್ಟೇಟಸ್‌ಗೆ ಅಂತ ಮಾಡಿದ, ಅಗಲಕ್ಕಿಂತ ಎತ್ತರ ಜಾಸ್ತಿ ಇರುವ 9:16 ವಿಡಿಯೋವನ್ನೇ ಕಂಪ್ಯೂಟರ್‌ಗೂ ಹಾಕುತ್ತಾರೆ. 1080 ಎತ್ತರದ ಮಾನಿಟರ್‌ನಲ್ಲಿ ಅದರ ಅಗಲ ಬರೀ 608 ಪಿಕ್ಸೆಲ್. ಸ್ಕ್ರೀನ್‌ನ ಮೂರರಲ್ಲಿ ಒಂದು ಪಾಲೂ ಇಲ್ಲ. ಎರಡೂ ಬೇಕಿದ್ದರೆ ಎರಡು ವಿಡಿಯೋ ಮಾಡಿ ದಯವಿಟ್ಟು.

ಕಷ್ಟ ಬರುವುದು ಫೋಟೋಗಳು ಒಂದೊಂದು ಆಕಾರದಲ್ಲಿ ಇರುವುದರಿಂದ. ಮೊಬೈಲ್ ಫೋಟೋ ಸಾಮಾನ್ಯವಾಗಿ 4:3. ರೀಲ್ ಕ್ಯಾಮೆರಾದಲ್ಲಿ ತೆಗೆದು 6×4 ಪ್ರಿಂಟ್ ಹಾಕಿಸಿದ್ದು 3:2. ಅದಕ್ಕೂ ಹಳೇ ಕ್ಯಾಮೆರಾದ್ದು ಕೆಲವು ಚೌಕಾಕಾರ. 'ಫಿಟ್' ಒತ್ತಿದರೆ 4:3 ಫೋಟೋ 1440 ಪಿಕ್ಸೆಲ್ ಅಗಲ ಹಿಡಿಯುತ್ತದೆ, 3:2 ಫೋಟೋ 1620. ಎರಡೂ ಪಕ್ಕ ಸ್ವಲ್ಪ ಕಪ್ಪು ಉಳಿಯುತ್ತದೆ. ಉಳಿಯಲಿ ಬಿಡಿ. ಆಲ್ಬಮ್‌ನ ಕಪ್ಪು ಹಾಳೆಯ ಮೇಲೆ ಫೋಟೋ ಅಂಟಿಸಿದಾಗ ಅಂಚು ಖಾಲಿ ಇದೆ ಅಂತ ಯಾರಾದರೂ ಬೇಜಾರು ಮಾಡಿಕೊಂಡಿದ್ದರಾ?

ಆ ಖಾಲಿ ಜಾಗಕ್ಕೆ ಅದೇ ಫೋಟೋವನ್ನು ಮಸುಕು ಮಾಡಿ ತುಂಬುವುದು ನನಗೆ ಇಷ್ಟವಿಲ್ಲ. ಹಿಂದೆ ಅಜ್ಜಿಯ ಸೀರೆಯ ಬಣ್ಣ ಅಲೆಯಾಡುತ್ತಿದ್ದರೆ ಕಣ್ಣು ಅಜ್ಜಿಯ ಮುಖದ ಮೇಲೆ ನಿಲ್ಲುವುದಿಲ್ಲ. ಉದ್ದನೆ ಫೋಟೋಗಳನ್ನು ಎರಡೆರಡು ಜೋಡಿಸಿ. 3:4 ಫೋಟೋ ಒಂದಕ್ಕೆ 810 ಪಿಕ್ಸೆಲ್ ಸಾಕು. ಎರಡು ಸೇರಿ 1620. ಅಜ್ಜಿಯ ಮದುವೆ ಫೋಟೋ ಒಂದು ಕಡೆ, ಅಮ್ಮನ ಮದುವೆ ಫೋಟೋ ಇನ್ನೊಂದು ಕಡೆ ಇಟ್ಟೆ. ಇಬ್ಬರ ಕೊರಳಲ್ಲೂ ಅದೇ ಕಾಸಿನ ಸರ ಇತ್ತು. ಅಲ್ಲಿಯವರೆಗೆ ನಾನದನ್ನು ಗಮನಿಸಿಯೇ ಇರಲಿಲ್ಲ.

ಪೂರ್ತಿ ವಿಡಿಯೋ ಮಾಡುವ ಮೊದಲು ಮೂರೇ ಫೋಟೋ ಹಾಕಿ ಅರ್ಧ ನಿಮಿಷದ್ದೊಂದು ಮಾಡಿ ನೋಡಿ. ಒಂದು ಉದ್ದನೆಯದು, ಒಂದು ಹಳೇ ಸ್ಕ್ಯಾನ್, ಒಂದು ಅಂಚಿನವರೆಗೂ ಜನ ನಿಂತಿರುವ ಗ್ರೂಪ್ ಫೋಟೋ. ಎಡಿಟಿಂಗ್‌ನ ಚಿಕ್ಕ ಕಿಟಕಿಯಲ್ಲಿ ಅಲ್ಲ, ಫುಲ್ ಸ್ಕ್ರೀನ್ ಮಾಡಿ, ಮೂರಡಿ ದೂರ ಕೂತು ನೋಡಿ. ಗ್ರೂಪ್ ಫೋಟೋದಲ್ಲಿ ತಲೆ ಎಣಿಸಿ.

ಮೊನ್ನೆ ಎಲ್ಲ ಸರಿ ಮಾಡಿ ಮತ್ತೆ ತೋರಿಸಿದೆ. ಆ ಗ್ರೂಪ್ ಫೋಟೋಕ್ಕೆ ಐದು ಸೆಕೆಂಡ್ ಬದಲು ಹನ್ನೆರಡು ಸೆಕೆಂಡ್ ಕೊಟ್ಟಿದ್ದೆ. ಹದಿನೇಳು ಜನ, ಎಲ್ಲರೂ ಇದ್ದರು. ದೊಡ್ಡಮ್ಮ ವಿಡಿಯೋ ಪಾಜ್ ಮಾಡಿಸಿ, ಸ್ಕ್ರೀನ್ ಮೇಲೆ ಬೆರಳಿಟ್ಟು ಮುಂದಿನ ಸಾಲಿನ ಮಕ್ಕಳ ಹೆಸರು ಒಂದೊಂದಾಗಿ ಹೇಳಿದರು.