ಕುಲಪತಿಗಳಿಗೆ ಮನವಿ ಕೊಡುವ ಮೊದಲು

ಮುಂಬಯಿಯ ಯಾವುದಾದರೂ ಕಾಲೇಜಿನಲ್ಲಿ ಕನ್ನಡ ವಿಷಯ ನಿಲ್ಲುತ್ತದೆ ಅಂತ ಗೊತ್ತಾದರೆ ಸಾಕು, ನಮ್ಮ ಕನ್ನಡ ಸಂಘದವರು ಶಾಲು ಹಿಡಿದುಕೊಂಡು ಕುಲಪತಿಗಳ ಕೋಣೆಗೆ ಹೊರಡುತ್ತಾರೆ. ಫೋಟೊ ಚೆನ್ನಾಗಿಯೇ ಬರುತ್ತದೆ. ಕೆಲಸ ಆಗುವುದಿಲ್ಲ. ಪಠ್ಯಕ್ರಮ ಹುಟ್ಟುವುದು ಆ ಕೋಣೆಯಲ್ಲಿ ಅಲ್ಲ.

ಮಹಾರಾಷ್ಟ್ರದ 2016ರ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ ಅದರ ದಾರಿ ಹೀಗಿದೆ: ಮೊದಲು ಆಯಾ ವಿಷಯದ ಅಧ್ಯಯನ ಮಂಡಳಿ (ಎಲ್ಲರೂ ಕರೆಯುವುದು ಬಿಒಎಸ್ ಅಂತ), ಆಮೇಲೆ ಫ್ಯಾಕಲ್ಟಿ (ಹತ್ತಿರದ ಹಲವು ವಿಷಯಗಳನ್ನು ಒಟ್ಟಿಗೆ ನೋಡುವ ಮಂಡಳಿ), ಕೊನೆಗೆ ಅಕಾಡೆಮಿಕ್ ಕೌನ್ಸಿಲ್ (ಇಡೀ ವಿಶ್ವವಿದ್ಯಾಲಯದ ಶೈಕ್ಷಣಿಕ ಮಂಡಳಿ). ವಿಶ್ವವಿದ್ಯಾಲಯದ ದೊಡ್ಡ ಸಭೆಯಾದ ಸೆನೆಟ್‌ನ ಗದ್ದಲ ಪೇಪರಿನಲ್ಲಿ ಬರುತ್ತದೆ ನಿಜ. ಆದರೆ ಅಲ್ಲಿನ ವಿಷಯ ಬಜೆಟ್, ವಾರ್ಷಿಕ ವರದಿ, ಪ್ರಶ್ನೋತ್ತರ. ಎರಡನೇ ಘಟಕದಲ್ಲಿ ಯಾವ ಕವಿ ಇರಬೇಕು ಅಂತ ಸೆನೆಟ್ ತಲೆ ಕೆಡಿಸಿಕೊಳ್ಳುವುದಿಲ್ಲ.

ಬಿಒಎಸ್‌ನಲ್ಲಿ ಬಹುಪಾಲು ಜನ ನಾಮನಿರ್ದೇಶನಗೊಂಡವರು. ಚುನಾವಣೆಯಿಂದ ಬರುವವರು ಮೂವರು ವಿಭಾಗ ಮುಖ್ಯಸ್ಥರು ಮಾತ್ರ. ಮತ ಹಾಕುವವರೂ ಕಾಲೇಜುಗಳ ವಿಭಾಗ ಮುಖ್ಯಸ್ಥರೇ. ಚಿಕ್ಕ ವಿಷಯಗಳಿಗೆ ಪೆಟ್ಟು ಬೀಳುವುದು ಇಲ್ಲೇ. ಕನ್ನಡ ವಿಭಾಗ ಇರುವ ಕಾಲೇಜುಗಳೇ ಬೆರಳೆಣಿಕೆಯಷ್ಟು. ಮುಖ್ಯಸ್ಥರೊಬ್ಬರು ನಿವೃತ್ತರಾಗಿ ಹುದ್ದೆ ಖಾಲಿ ಬಿದ್ದರೆ ಒಂದು ಮತವೂ ಹೋಯಿತು, ನಿಲ್ಲಬಹುದಾಗಿದ್ದ ಅಭ್ಯರ್ಥಿಯೂ ಹೋದರು. ಹಾಗಾಗಿ ಖಾಲಿ ಹುದ್ದೆಯ ಬೆನ್ನು ಹತ್ತುವುದು ಹತ್ತು ಮನವಿಗಿಂತ ಮೇಲು.

ಪಠ್ಯಕ್ರಮದ ಕರಡಿನಲ್ಲೂ ಎಡವುವವರು ಬಹಳ. ಹೊಸ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ಎಇಸಿ (ಭಾಷಾ ಸಾಮರ್ಥ್ಯ ಬೆಳೆಸುವ ಕೋರ್ಸ್) ಅಡಿ ಭಾರತೀಯ ಭಾಷೆಗೆ ಸೆಮಿಸ್ಟರಿಗೆ 2 ಕ್ರೆಡಿಟ್; ಒಂದು ಕ್ರೆಡಿಟ್‌ಗೆ 15 ತಾಸು, ಒಟ್ಟು 30. ನಮ್ಮವರು ಹಳೆಯ ಪೂರ್ಣಾವಧಿ ಪತ್ರಿಕೆಯನ್ನೇ ತಂದು ಈ 30 ತಾಸಿಗೆ ತುರುಕುತ್ತಾರೆ: ಒಂದು ಕಾದಂಬರಿ, ಹನ್ನೆರಡು ಕವಿತೆ, ಮೇಲೊಂದಿಷ್ಟು ವ್ಯಾಕರಣ. ಘಟಕಗಳ ತಾಸು ಕೂಡಿದರೆ ತಾಳೆಯಾಗುವುದಿಲ್ಲ, ಆಂತರಿಕ ಅಂಕ ಮತ್ತು ಪರೀಕ್ಷೆಯ ಅಂಕ ಬೇರೆ ಬೇರೆ ಪುಟದಲ್ಲಿ ಬೇರೆ ಬೇರೆ. ಕಡತ ವಾಪಸ್. ಅಷ್ಟರಲ್ಲಿ ಪ್ರವೇಶ ಶುರುವಾಗಿ, ವಿದ್ಯಾರ್ಥಿ ಇರುವ ಭಾಷೆಯನ್ನು ಆರಿಸಿಕೊಂಡಾಯಿತು.

ಇನ್ನೊಂದು, ಅದೇ ಕಾಯ್ದೆಯ ಕಲಂ 12(7). ತುರ್ತು ಎನಿಸಿದರೆ ಕುಲಪತಿ ತಾವೇ ತೀರ್ಮಾನಿಸಿ, ಬಳಿಕ ಸಂಬಂಧಪಟ್ಟ ಮಂಡಳಿಗೆ ವರದಿ ಕೊಡಬಹುದು. ಬೇಕಾದ ಅಧಿಕಾರವೇ, ಪ್ರವಾಹ ಬಂದ ದಿನ ಸಭೆ ಕರೆಯಲಾಗುವುದಿಲ್ಲವಲ್ಲ. ಆದರೆ ಸಭೆಯನ್ನೇ ತಡಮಾಡಿ ಆಮೇಲೆ ತುರ್ತು ಎಂದರೆ ಅದು ನಾವೇ ಹುಟ್ಟಿಸಿದ ತುರ್ತು. ಪ್ರಶ್ನೆ ಕೇಳುವ ಸಭೆ ಏಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ: 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸುಮಾರು 17 ಲಕ್ಷ ಉತ್ತರಪತ್ರಿಕೆಗಳನ್ನು ಒಮ್ಮೆಗೇ ಕಂಪ್ಯೂಟರ್ ಪರದೆಯ ಮೇಲೆ ತಿದ್ದಿಸಹೋಗಿ ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು, ಕುಲಪತಿಯ ಹುದ್ದೆಯೂ ಹೋಯಿತು. ಹೊಸ ಕಾಯ್ದೆಯ ಚುನಾಯಿತ ಸೆನೆಟ್ ಆಗ ಇನ್ನೂ ಬಂದಿರಲಿಲ್ಲ. ಇದ್ದಿದ್ದರೆ ತಪ್ಪುತ್ತಿತ್ತು ಅಂತ ಆಣೆ ಮಾಡಲಾರೆ. ‘ಮೊದಲು ಒಂದು ವಿಷಯಕ್ಕೆ ಮಾಡಿ ನೋಡಿ’ ಅಂತ ಕೇಳುವ ಜಾಗವಾದರೂ ಇರುತ್ತಿತ್ತು.

ಸಂಘದವರಿಗೆ ಎರಡೇ ಮಾತು. ಸೆನೆಟ್‌ನ ಪದವೀಧರ ಕ್ಷೇತ್ರದಲ್ಲಿ 10 ಸ್ಥಾನ ಇವೆ, ಪದವಿ ಸಿಕ್ಕಿತು ಅಂತ ಮತದಾರರ ಪಟ್ಟಿಗೆ ಹೆಸರು ತಾನಾಗಿ ಸೇರುವುದಿಲ್ಲ, ಅರ್ಜಿ ಹಾಕಿ. ಬಿಒಎಸ್ ಸದಸ್ಯರಾಗಿರುವ ಮೇಷ್ಟ್ರು ಸಿಕ್ಕರೆ ಶಾಲು ಹೊದಿಸುವುದು ಆಮೇಲಿರಲಿ, ಮುಂದಿನ ಸಭೆಯ ಅಜೆಂಡಾದಲ್ಲಿ ಏನಿದೆ, ಹಿಂದಿನ ಸಭೆಯಲ್ಲಿ ಅವರು ಎತ್ತಿದ ಆಕ್ಷೇಪ ನಡಾವಳಿಯಲ್ಲಿ ದಾಖಲಾಗಿದೆಯೇ ಅಂತ ಕೇಳಿ.