ಯಾವ ಮದರಸ ಸಾರ್, ಸ್ವಲ್ಪ ಬಿಡಿಸಿ ಹೇಳಿ

ಬೆಳಿಗ್ಗೆ ಆರೂಮುಕ್ಕಾಲಿನ ಬಸ್ಸು, ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ. ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೆ, ಆ ಗೋಳು ಇನ್ನೊಂದು ದಿನ ಹೇಳ್ತೀನಿ. ಬಸ್ಸು ಇನ್ನೂ ಬಿಟ್ಟಿರಲಿಲ್ಲ. ಐದಾರು ಚಿಳ್ಳೆಪಿಳ್ಳೆಗಳು ರಸ್ತೆ ದಾಟುತ್ತಿದ್ದವು. ತಲೆ ಮೇಲೆ ಟೋಪಿ, ಕಣ್ಣಲ್ಲಿ ನಿದ್ದೆ, ಎದೆಗೆ ಅವುಚಿಕೊಂಡ ಖಾಯಿದಾ, ಅಂದರೆ ಅರಬ್ಬಿ ಅಕ್ಷರ ಕಲಿಸೋ ಪುಸ್ತಕ. ಒಬ್ಬಳು ಹುಡುಗಿ ಒಂದು ಕೈಯಲ್ಲಿ ತಮ್ಮನನ್ನು ಹಿಡಿದಿದ್ದಳು, ಇನ್ನೊಂದರಲ್ಲಿ ಅರ್ಧ ತಿಂದ ಬನ್ನು.

ಹಿಂದಿನ ಸೀಟಿನಿಂದ ಬಂತು ನೋಡಿ ತೆಲುಗಿನಲ್ಲಿ ಮಾತು: “ಚೂಡಣ್ಣಾ, ಪೊದ್ದುನ್ನೇ ಟ್ರೈನಿಂಗು ಸ್ಟಾರ್ಟು!” ಬೆಳಿಗ್ಗೆಯೇ ಶುರುವಂತೆ. ಪಕ್ಕದವನು ಹೊಟ್ಟೆ ಕುಲುಕಿಸಿಕೊಂಡು ನಕ್ಕ. “ಈ ಮದರಸಾಗಳನ್ನ ಮೊದಲು ಮುಚ್ಚಿಸಬೇಕು” ಅಂತ ಕನ್ನಡದಲ್ಲೂ ಒಂದು ತೀರ್ಪು ಕೊಟ್ಟ. ಆಮೇಲೆ ಇಬ್ಬರೂ ರೇಷ್ಮೆ ಗೂಡಿನ ರೇಟಿಗೆ ಬಂದರು.

ಟ್ರೈನಿಂಗಂತೆ. ಬನ್ನು ತಿನ್ನುತ್ತಿದ್ದ ಆ ಮಗುವಿಗೆ.

ನನ್ನ ವಿಚಾರ ನಿಮಗೆಲ್ಲ ಗೊತ್ತು. ರಿಟೈರ್ ಆಗೋ ಮೊದಲು ಹದಿನಾಲ್ಕು ವರ್ಷ ಸರ್ಕಾರಿ ಉರ್ದು ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವನು ನಾನು. ಈ ಹದಿನಾಲ್ಕು ವರ್ಷದಲ್ಲಿ ಮದುವೆ ಮನೆ, ತಿಥಿ ಮನೆ, ಗೂಡು ಮಾರುಕಟ್ಟೆ, ಎಲ್ಲಿ ಹೋದರೂ ಒಂದೇ ಪ್ರಶ್ನೆ: “ಏನ್ ಮೇಷ್ಟ್ರೇ, ಇನ್ನೂ ಅದೇ ಮದರಸದಲ್ಲೇ ಇದೀರಾ?” ಅದು ಮದರಸ ಅಲ್ಲ ಸ್ವಾಮಿ, ಸರ್ಕಾರಿ ಶಾಲೆ, ನಿಮ್ಮ ಮಕ್ಕಳು ಓದೋ ಗಣಿತ, ವಿಜ್ಞಾನವನ್ನೇ ಉರ್ದುವಿನಲ್ಲಿ ಓದ್ತಾರೆ, ಬೆಳಿಗ್ಗೆ ನಾಡಗೀತೆ ಹಾಡ್ತಾರೆ, ಮಧ್ಯಾಹ್ನ ಬಿಸಿಯೂಟ ಉಣ್ತಾರೆ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. “ಹಂಗಾ?” ಅಂತಾರೆ. ಮುಂದಿನ ಮದುವೆಯಲ್ಲಿ ಮತ್ತೆ ಅದೇ: “ಇನ್ನೂ ಮದರಸದಲ್ಲೇ?”

ನನ್ನ ಜಗಳ ಇಷ್ಟೇ. ಮೂರು ಬೇರೆ ಬೇರೆ ವಸ್ತುಗಳಿಗೆ ನಾವು ಒಂದೇ ಹೆಸರಿಟ್ಟು, ಆ ಹೆಸರಿಗೆ ಹೆದರಿಕೊಂಡು ಕೂತಿದ್ದೀವಿ. ಉರ್ದು ಮಾಧ್ಯಮದ ಸರ್ಕಾರಿ ಶಾಲೆ ಒಂದು. ಮೊಹಲ್ಲಾದ ಮಸೀದಿಯಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ, ಇಲ್ಲಾ ಸಂಜೆ ಒಂದು ಗಂಟೆ ಅರಬ್ಬಿ ಓದಿಸೋದು ಇನ್ನೊಂದು. ಅದಕ್ಕೆ ಮಕ್ತಬ್ ಅಂತ ಹೆಸರು, ನಮ್ಮ ಮಕ್ಕಳು ಹಾಡಿನ ಕ್ಲಾಸಿಗೆ ಹೋಗ್ತಾರಲ್ಲ, ಹಾಗೆ. ಮೂರನೆಯದು, ಅಲ್ಲೇ ಉಳಿದುಕೊಂಡು ಏಳೆಂಟು ವರ್ಷ ಓದಿ ಆಲಿಮ್, ಅಂದರೆ ಧರ್ಮಪಂಡಿತ, ಆಗೋ ನಿಜವಾದ ಮದರಸ. ಬಸ್ಸಿನಲ್ಲಿದ್ದವನು ಯಾವುದನ್ನು ಮುಚ್ಚಿಸಬೇಕು ಅಂದಿದ್ದು? ಅವನಿಗೇ ಗೊತ್ತಿಲ್ಲ. ಅವನು ಕಂಡ ಮಕ್ಕಳು ಎಂಟು ಗಂಟೆಗೆ ಮನೆಗೆ ಓಡಿ, ಟೋಪಿ ಕಿತ್ತೆಸೆದು, ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋಗೋ ಮಕ್ಕಳು. ಅರ್ಧಕ್ಕರ್ಧ ಕಾನ್ವೆಂಟಿಗೆ.

ಇದು ನಾನೊಬ್ಬ ಹೇಳೋ ಮಾತಲ್ಲ. ಮುಸ್ಲಿಮರ ಸ್ಥಿತಿಗತಿ ನೋಡೋಕೆ ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿಯ 2006ರ ವರದಿಯಲ್ಲೇ ಇದೆ. ಶಾಲೆಗೆ ಹೋಗೋ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಕ್ಕೆ ಹೋಗೋರು ಶೇಕಡಾ 3ರ ಆಸುಪಾಸು ಮಾತ್ರ, ಜನ ಮಕ್ತಬನ್ನೂ ಮದರಸವನ್ನೂ ಒಂದೇ ಅಂದ್ಕೊಂಡಿರೋದರಿಂದ ಲೆಕ್ಕ ಉಬ್ಬಿ ಕಾಣ್ತದೆ ಅಂತ. ವರದಿ ಬಂದು ಇಷ್ಟು ವರ್ಷವಾಯ್ತು, ನಮ್ಮ ಬಸ್ಸಿಗೆ ಇನ್ನೂ ತಲುಪಿಲ್ಲ.

ಇನ್ನು ಆ ಮಕ್ತಬಿನಲ್ಲಿ ಏನು ಕಲಿಸ್ತಾರೆ? ನಾನು ಹೋಗಿ ಕೂತು ನೋಡಿದೀನಿ. ಐದನೇ ತರಗತಿಯ ಹುಡುಗನೊಬ್ಬ ನನ್ನ ಪೀರಿಯಡ್ಡಿನಲ್ಲಿ ದಿನಾ ತೂಕಡಿಸುತ್ತಿದ್ದ. ಯಾಕಪ್ಪಾ ಅಂದರೆ “ಸುಬೂಕು ಮದ್ರಸಾ ಸರ್” ಅಂದ, ಬೆಳಿಗ್ಗೆ ಮದರಸ ಅಂತ. ವಿಚಾರಿಸಿಯೇ ಬಿಡೋಣ ಅಂತ ಒಂದು ಬೆಳಿಗ್ಗೆ ಹೋದೆ. ಚಾಪೆ, ಗೋಡೆ ಉದ್ದಕ್ಕೂ ಗೇಣುದ್ದದ ಕಾಲಿನ ಮರದ ಹಲಗೆಗಳು, ಹಲಗೆ ಮೇಲೆ ಖಾಯಿದಾ. ಮೂವತ್ತು ಮಕ್ಕಳು ಒಟ್ಟಿಗೆ ಮೂವತ್ತು ಬೇರೆ ಬೇರೆ ಪಾಠ ಕೂಗುತ್ತಿದ್ದರೆ ಹೊರಗಿನಿಂದ ಕೇಳೋನಿಗೆ ಸಂತೆ. ಒಳಗೆ ಕೂತರೆ ಅದು ಕಾಗುಣಿತ. ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು. ನಮ್ಮ ತಲಕಟ್ಟು, ಗುಡಿಸು, ಕೊಂಬು, ಅಷ್ಟೇ ಕಣ್ರೀ!

ಹಜರತ್ತು, ಅಂದರೆ ಅಲ್ಲಿನ ಮೇಷ್ಟ್ರು, ಬಿಹಾರದ ಕಿಶನ್‌ಗಂಜ್ ಕಡೆಯವರು, ಮೂವತ್ತು ದಾಟಿರಲಿಲ್ಲ. ಒಂದು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಒಂದೇ ಅಕ್ಷರಕ್ಕೆ ಹತ್ತು ನಿಮಿಷ ಹೆಣಗುತ್ತಿದ್ದರು. ನಮ್ಮ ಸಾಬರ ಮಕ್ಕಳ ಮನೆಮಾತು ದಖನಿ. ದಖನಿಯಲ್ಲಿ ಆ ‘ಕಾಫ್’ ಅನ್ನೋ ಅಕ್ಷರ ‘ಖ’ ಆಗಿಬಿಡುತ್ತೆ. ಕಲಮ್ ಹೋಗಿ ಖಲಮ್. ಅರಬ್ಬಿಯಲ್ಲಿ ಅದು ಕಿರುನಾಲಿಗೆ ಬುಡದಿಂದ ಏಳಬೇಕಂತೆ. ಹಜರತ್ತು ತಮ್ಮ ಗಂಟಲನ್ನೇ ಬೆರಳಲ್ಲಿ ಮುಟ್ಟಿ ತೋರಿಸ್ತಾರೆ, ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ‘ಖ’ ಅಂತಾಳೆ, ಅವರು ಮತ್ತೆ ಮುಟ್ಟಿ ತೋರಿಸ್ತಾರೆ. ನನಗೆ ನಗು ಬಂತು, ಹಿಂದೆಯೇ ಸಂಕಟವೂ ಬಂತು. ಅದಕ್ಕೂ ಮುಂಚೆ ಕನ್ನಡ ಶಾಲೆಯಲ್ಲಿದ್ದಾಗ ಹಾಲು, ಆಲು, ಹಸು, ಅಸು ಅಂತ ತಿದ್ದಿ ತಿದ್ದಿ ಸೋತವನು ನಾನು. ಅಯ್ಯೋ ಪಾಪ, ಇವರೂ ನನ್ನ ಪೈಕಿಯೇ ಅನ್ನಿಸಿತು.

ಅಕ್ಷರ ಮುಗಿದ ಮೇಲೆ ಕೈಕಾಲು ತೊಳೆಯೋ ಕ್ರಮ, ನಮಾಜಿನ ಕ್ರಮ, ಊಟಕ್ಕೆ ಮುಂಚೆ ಹೇಳೋ ದುವಾ, ಮಲಗುವಾಗ ಹೇಳೋದು. ಪಾಯಿಖಾನೆಗೆ ಹೋಗುವಾಗ ಎಡಗಾಲು ಮೊದಲು, ಬರುವಾಗ ಬಲಗಾಲು. ನೋಟ್ ಮಾಡಿಕೊಳ್ಳಿ, ಬಸ್ಸಿನವರು ಹೇಳಿದ ಟ್ರೈನಿಂಗು ಇದೇ ಇರಬೇಕು.

ಈಗ ನಿಮ್ಮಲ್ಲಿ ಕೆಲವರು ಕೈ ತುರಿಸಿಕೊಂಡು ಕೂತಿರ್ತೀರಿ. “ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿಸೋದು ಶಿಕ್ಷಣವಾ ಸಾರ್?” ಸರಿ. ನಮ್ಮ ಮನೆಯಲ್ಲಿ ನಮ್ಮಕ್ಕ ವಿಷ್ಣು ಸಹಸ್ರನಾಮ ಒಂದಕ್ಷರ ತಪ್ಪದೆ ಹೇಳ್ತಾಳೆ. ಅರ್ಥ ಕೇಳಿದರೆ “ಸುಮ್ನೆ ಕೂತ್ಕೊಳ್ಳೋ” ಅಂತ ಗದರ್ತಾಳೆ. ಹಿಂದಿನ ಬೀದಿಯ ಶಾಸ್ತ್ರಿಗಳ ಮೊಮ್ಮಗ ವೇದಪಾಠಶಾಲೆಯಲ್ಲಿ ಗುರುಗಳ ಹಿಂದೆ ಸಂಥೆ ಹೇಳೋದನ್ನೂ ಕೇಳಿದೀನಿ. ಖುರಾನು ಬಾಯಿಪಾಠ ಮಾಡಿ ಹಾಫಿಜ್ ಆಗೋ ಹುಡುಗರೂ ಅದನ್ನೇ ಮಾಡೋದು: ಇವತ್ತಿನ ಹೊಸ ಪಾಠ ಒಪ್ಪಿಸಬೇಕು, ಈಚಿನ ಪಾಠ ಒಪ್ಪಿಸಬೇಕು, ಹಳೆಯದನ್ನು ಸರದಿ ಮೇಲೆ ಒಪ್ಪಿಸಬೇಕು. ಹೀಗೆ 30 ಭಾಗ, 114 ಸೂರಾ, ಪೂರ್ತಿ ಖುರಾನು ತಲೆಯಲ್ಲಿ. ರಂಜಾನಿನಲ್ಲಿ ತರಾವೀಹ್ ನಮಾಜಿಗೆ ನಿಂತು ಪುಸ್ತಕ ನೋಡದೆ ಓದುವಾಗ ತಪ್ಪಿದರೆ ಹಿಂದೆ ನಿಂತ ಇನ್ನೊಬ್ಬ ಹಾಫಿಜ್ ಎತ್ತಿಕೊಡ್ತಾನೆ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಮಾಡಿದಾಗ ಮದರಸ, ವೇದಪಾಠಶಾಲೆ ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಿ ಕಾಯ್ದೆಯಿಂದ ಹೊರಗಿಟ್ಟರು. ಸರ್ಕಾರಕ್ಕೆ ಕಂಡ ಹೋಲಿಕೆ ನಮಗೆ ಯಾಕೆ ಕಾಣಲ್ಲ?

ದೊಡ್ಡ ಮದರಸದ ಪಾಠಪಟ್ಟಿ ಕೇಳಿದರೆ ಇನ್ನೂ ಮಜಾ. ಲಕ್ನೋದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನ್ ಅನ್ನೋರು ಹದಿನೆಂಟನೇ ಶತಮಾನದಲ್ಲಿ ಹಾಕಿಕೊಟ್ಟ ಕ್ರಮ ಅದು, ದರ್ಸೆ ನಿಜಾಮಿ. ಅರಬ್ಬಿ ವ್ಯಾಕರಣ, ಧರ್ಮಶಾಸ್ತ್ರ, ಹದೀಸು ಅಂದರೆ ಪ್ರವಾದಿಯ ನಡೆನುಡಿ, ಜೊತೆಗೆ ತರ್ಕ. ತರ್ಕಕ್ಕೆ ಮೊದಮೊದಲು ಹಿಡಿಸೋ ಪುಸ್ತಕಗಳಲ್ಲಿ ಒಂದರ ಹೆಸರು ‘ಈಸಾಗೋಜಿ’. ಅರಬ್ಬಿ ಹೆಸರಲ್ಲ ಅದು, ಗ್ರೀಕ್. ಅರಿಸ್ಟಾಟಲನ ತರ್ಕಕ್ಕೆ ಪೀಠಿಕೆ ಅಂತ ಪೋರ್ಫಿರಿ ಬರೆದ ಪುಸ್ತಕದ ಹೆಸರನ್ನೇ ಹದಿಮೂರನೇ ಶತಮಾನದ ಅರಬ್ಬಿ ಪಂಡಿತರೊಬ್ಬರು ಉಳಿಸಿಕೊಂಡಿದ್ದು. ಮುಲ್ಲಾ ನಿಜಾಮುದ್ದೀನರ ಕಾಲಕ್ಕೆ ಸರ್ಕಾರಿ ನೌಕರಿಗೆ ಬೇಕಾದ ಓದೇ ಈ ದರ್ಸೆ ನಿಜಾಮಿ. ನಮ್ಮ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರೂ ಮೊದಲು ಕೂತದ್ದು ಮೌಲ್ವಿಯ ಎದುರಿಗೆ, ಪಾರ್ಸಿ ಕಲಿಯೋಕೆ.

ಬೀದರಿಗೆ ಹೋದಾಗ ಇದೇ ಜನ ಮಹಮೂದ್ ಗವಾನನ ಮದರಸದ ಮುಂದೆ ನಿಂತು ಸೆಲ್ಫಿ ಹೊಡೀತಾರೆ. 1472ರ ಕಟ್ಟಡ, ಉಳಿದಿರೋ ಒಂಟಿ ಮಿನಾರಿನ ಮೇಲೆ ಇನ್ನೂ ಅಂಟಿಕೊಂಡಿರೋ ನೀಲಿ ಹೆಂಚಿನ ತುಣುಕು. ಗೈಡು “ಆ ಕಾಲದ ಯೂನಿವರ್ಸಿಟಿ ಸಾರ್” ಅಂದ ಕೂಡಲೇ ಹೆಮ್ಮೆಯಿಂದ ತಲೆ ಆಡಿಸ್ತಾರೆ. ಪಾಳು ಬಿದ್ದರೆ ಪರಂಪರೆ, ಮಕ್ಕಳು ಓದ್ತಾ ಇದ್ದರೆ ಟ್ರೈನಿಂಗು.

ಹಾಗಂತ ನಾನೇನು ಅವರ ವಕೀಲನಲ್ಲ. ತರ್ಕದ ಪುಸ್ತಕ ಹಳೇದು ಅಂತ ಕೊಂಡಾಡಿಕೊಂಡು ವಿಜ್ಞಾನ, ಇಂಗ್ಲಿಷು ಬಿಟ್ಟರೆ ಆಗೋ ನಷ್ಟ ಆ ಹುಡುಗರದೇ. ಬೆತ್ತ ಹಿಡಿಯೋ ಹಜರತ್ತುಗಳೂ ಇದಾರೆ. ಆರನೇ ತರಗತಿಯಲ್ಲಿ ನನ್ನ ಹತ್ತಿರ ಮುತ್ತು ಪೋಣಿಸಿದ ಹಾಗೆ ಕನ್ನಡ ಬರೀತಿದ್ದ ಹುಡುಗನೊಬ್ಬನನ್ನು ಅವನಪ್ಪ ಹಾಫಿಜ್ ಮಾಡಿಸ್ತೀನಿ ಅಂತ ಶಾಲೆ ಬಿಡಿಸಿದಾಗ ಅವರ ಮನೆ ಬಾಗಿಲಲ್ಲಿ ನಿಂತು ಜಗಳ ಆಡಿದೀನಿ. “ಮಾಸ್ಟರ್ ಸಾಬ್, ಏಳು ಮಕ್ಕಳು, ಅಲ್ಲಿ ಊಟ, ಬಟ್ಟೆ, ಓದು ಎಲ್ಲ ಪುಕ್ಕಟೆ” ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹುಡುಗ ಆಮೇಲೆ ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಿ, ಎರಡನೇ ಸಲಕ್ಕೆ ಪಾಸು ಮಾಡಿಕೊಂಡ. ಈಗ ಒಂದು ಮಸೀದಿಯಲ್ಲಿ ಇಮಾಮ್, ಹಗಲು ಮೊಬೈಲ್ ರಿಪೇರಿ ಅಂಗಡಿ.

ಆದರೆ ಒಂದು ಮಾತು. ನಾನು ಸೇರಿದ ಹೊಸದರಲ್ಲಿ ಹಾಜರಿ ಪುಸ್ತಕದಲ್ಲಿ ಬರೀ ಸೊನ್ನೆ ಬೀಳುತ್ತಿದ್ದ ಮಕ್ಕಳನ್ನು ಹುಡುಕಿಕೊಂಡು ಹೋದರೆ ಸಿಗುತ್ತಿದ್ದದ್ದು ಮದರಸದಲ್ಲಲ್ಲ, ರೇಷ್ಮೆ ಬಿಚ್ಚೋ ಶೆಡ್ಡಿನಲ್ಲಿ. ಕುದಿನೀರಿನ ಬಾಣಲೆಯಿಂದ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಸುಲಿದಿರುತ್ತಿತ್ತು, ಮೈಯೆಲ್ಲ ಹುಳದ ವಾಸನೆ. ಆ ಗೂಡು ಬೆಳೆದು ಮಾರಿದವರು ಯಾರು? ನಮ್ಮಪ್ಪ, ನಿಮ್ಮಪ್ಪ. ಆ ಶೆಡ್ಡು ಮುಚ್ಚಿಸಿ ಅಂತ ಬಸ್ಸಿನಲ್ಲಿ ಯಾರೂ ತೀರ್ಪು ಕೊಟ್ಟಿದ್ದು ನನಗೆ ನೆನಪಿಲ್ಲ.

ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಮಹಾನುಭಾವ ಇದಾನೆ. 2024ರ ಮಾರ್ಚಿನಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶದ ಮದರಸ ಮಂಡಳಿ ಕಾಯ್ದೆ ರದ್ದು ಮಾಡಿದ ಸುದ್ದಿಯನ್ನು ಪಟಾಕಿ ಚಿತ್ರದ ಸಮೇತ ಹಾಕಿದ್ದ. ಅದೇ ವರ್ಷ ನವೆಂಬರ್ 5ಕ್ಕೆ ಸುಪ್ರೀಂ ಕೋರ್ಟು ಆ ತೀರ್ಪು ತಳ್ಳಿಹಾಕಿ, ಕಾಯ್ದೆ ಸರಿಯಾಗಿದೆ, ಫಾಜಿಲ್, ಕಾಮಿಲ್ ಅನ್ನೋ ಪದವಿ ಕೊಡೋದು ಮಾತ್ರ ಯುಜಿಸಿ ಕಾಯ್ದೆಗೆ ಒಪ್ಪಲ್ಲ, ಕಲಿಕೆಯ ಗುಣಮಟ್ಟಕ್ಕೆ ಸರ್ಕಾರ ನಿಯಮ ಮಾಡಬಹುದು ಅಂತು. ಅವತ್ತು ಮಹಾನುಭಾವನ ಡೇಟಾ ಖಾಲಿ ಆಗಿತ್ತೋ ಏನೋ.

ನೀನೇನು ಆ ಬಸ್ಸಿನಲ್ಲಿ ಎದ್ದು ನಿಂತು ಹೇಳಿದೆಯಾ ಅಂತ ಕೇಳ್ತೀರಿ. ಇಲ್ಲ. ಒಂದಕ್ಷರ ಬಾಯಿ ಬಿಡಲಿಲ್ಲ. ಕಿಟಕಿ ಕಡೆ ತಿರುಗಿಕೊಂಡು ಕೂತೆ. ಅದಕ್ಕೇ ಈಗ ಇಷ್ಟುದ್ದ ಬರೀತಿರೋದು, ಬಸ್ಸಿನಲ್ಲಿ ಹೊರಬರದ್ದು ಇಲ್ಲಿ ಕಾರಿಕೊಳ್ತಾ ಇದೀನಿ. ಇನ್ನೊಂದೂ ಹೇಳಿಬಿಡ್ತೀನಿ. ಉರ್ದು ಶಾಲೆಗೆ ವರ್ಗದ ಆರ್ಡರು ಬಂದ ರಾತ್ರಿ ನಾನೇ ನಮ್ಮನೆಯವಳ ಹತ್ತಿರ ಹೇಳಿದ್ದೆ: “ನನ್ನನ್ನ ಮದರಸಕ್ಕೆ ಹಾಕಿಬಿಟ್ರು ಕಣೇ.” ಬಿಇಓ ಆಫೀಸಿಗೆ ಮೂರು ಸಲ ಅಲೆದೆ, ಬದಲಾಯಿಸಿ ಕೊಡಿ ಅಂತ. ಕೊಡಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ನಾನೂ ಕೂತಿದ್ದವನೇ.

ಆ ಹಜರತ್ತು ಈಗಲೂ ಇಲ್ಲೇ ಇದಾರೆ. ಮಕ್ಕಳೂ ಇಲ್ಲೇ ಹುಟ್ಟಿದ್ದು. ಮೂರು ತಿಂಗಳಿಂದ ವಾರಕ್ಕೆರಡು ಸಂಜೆ ನಮ್ಮನೆಗೆ ಬರ್ತಾರೆ, ಕನ್ನಡ ಕಲಿಯೋಕೆ. ಮಗಳ ಹೋಂವರ್ಕ್ ನೋಡೋಕೆ ಆಗಲ್ಲವಂತೆ, ಪಂಚಾಯ್ತಿ ಆಫೀಸಿನ ಅರ್ಜಿ ಓದೋಕೂ ಆಗಲ್ಲವಂತೆ. ಕಾಗುಣಿತ ಒಂದೇ ವಾರದಲ್ಲಿ ಮುಗಿಸಿದರು, ಅಭ್ಯಾಸ ಇರೋ ಕಸುಬಲ್ಲವಾ! ಆದರೆ ಅರಬ್ಬಿಯ ಎರಡು ಥರದ ‘ಹ’ವನ್ನು ಬೇರೆ ಬೇರೆಯಾಗಿ ನುಡಿಯೋ ಆ ಗಂಟಲಿಗೆ ನಮ್ಮ ಳ, ಣ ಹತ್ತೋದಿಲ್ಲ. ಮೊನ್ನೆ ತಟ್ಟೆಯಲ್ಲಿದ್ದ ಹಣ್ಣನ್ನೇ ತೋರಿಸಿ ಓದಿಸಿದೆ.

“ಬಾಲೆಹನ್ನು.”

“ನಾಲಿಗೆ ಮೇಲಕ್ಕೆ ಮಡಚಿ ಹಜರತ್. ಹೀಗೆ, ನನ್ನ ಬಾಯಿ ನೋಡಿ. ಬಾಳೆಅಣ್ಣು.”

ಅವರು ನನ್ನ ಬಾಯಿ ನೋಡಿದರು. ಪುಸ್ತಕ ನೋಡಿದರು. ಅಕ್ಷರದ ಕೆಳಗೆ ಬೆರಳಿಟ್ಟು ಮೆಲ್ಲಗೆ ಕೇಳಿದರು: “ಮಾಸ್ಟರ್ ಸಾಬ್, ಇಲ್ಲಿ ಒಂದು ‘ಹ’ ಇದೆಯಲ್ಲಾ, ಅದು ಎಲ್ಲಿ ಹೋಯ್ತು?”